ನಾನು ಹೊಡೆದುಹಾಕಿದ ಶಬ್ದ

"ಮೇಡಮ್ಮಾರ, ಇಲ್ಲೆ ನೊಣ ಉಬಿಕ್ವಿಟಸ್ ಅದಾವ್ರಿ. ಚಹಾದ ಮ್ಯಾಲ ಬಶಿ ಮುಚ್ಚಿಡ್ರಿ."

ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದ ದಿನ ಅಲ್ಲಿನ ಹಿರಿಯರೊಬ್ಬರು ನನಗೆ ಹೇಳಿದ ಮೊದಲ ಮಾತು ಇದು. ನಾನು ಲೋಟ ಮುಚ್ಚುವುದನ್ನು ಬಿಟ್ಟು ಶಬ್ದ ತಿದ್ದಿದೆ. "ಅದು ಯುಬಿಕ್ವಿಟಸ್," ಎಂದೆ. "ಹೌದೇನ್ರಿ," ಎಂದು ತುಟಿಯಲ್ಲೇ ಎರಡು ಸಲ ಹೇಳಿಕೊಂಡರು. ಎರಡು ದಿನ ನನ್ನಂತೆಯೇ ಉಚ್ಚರಿಸಿದರು. ಮೂರನೆಯ ದಿನ ಮತ್ತೆ ಉಬಿಕ್ವಿಟಸ್ ಆಯಿತು. ಮೂವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಎರಡು ದಿನದಲ್ಲಿ ಬದಲಾಗುವುದಿಲ್ಲ.

ಅವರು ಪಶುವೈದ್ಯ ಪರೀಕ್ಷಕರು. ಎಂದರೆ ಡಾಕ್ಟರಲ್ಲ, ಡಾಕ್ಟರ ಕೈಕೆಳಗೆ ಹಳ್ಳಿ ಹಳ್ಳಿ ತಿರುಗಿ ಸೂಜಿ ಹಾಕುವವರು, ಗಾಯ ತೊಳೆಯುವವರು, ಬೇನೆ ಎಲ್ಲಿ ಬಂದಿದೆ ಎಂದು ಬರೆದು ತಿಳಿಸುವವರು. ಅವರ ಸ್ವಂತ ಊರು ಹುಕ್ಕೇರಿ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಅಷ್ಟೇ ಅನ್ನುತ್ತೇನೆ. ನಾವು ಕೆಲಸ ಮಾಡುತ್ತಿದ್ದ, ಮೂಡಲಗಿ ಕಡೆಯ ಆ ಸಣ್ಣ ಆಸ್ಪತ್ರೆ ಯಾವ ಊರಿನದು ಎಂಬುದೂ ಬೇಡ. ತಪ್ಪು ಆಸ್ಪತ್ರೆಯದಲ್ಲ.

ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಕಾಕಾ ಥರ್ಮಾಮೀಟರ್ ಇಡುತ್ತಿದ್ದರು, ಪೆನ್ನು ಕಿವಿಯ ಮೇಲಿರುತ್ತಿತ್ತು. ಲಸಿಕೆಯ ಐಸ್ ಡಬ್ಬಿಯನ್ನು ಹಳೆಯ ಮೋಟರ್‌ಸೈಕಲ್ಲಿನ ಹಿಂದೆ ಟ್ಯೂಬಿನ ಪಟ್ಟಿಯಿಂದ ಬಿಗಿದು, ಕುಲಗೋಡ, ನಾಗನೂರ, ನಡುವಿನ ತೋಟದ ವಸ್ತಿಗಳು, ಎಲ್ಲವನ್ನೂ ವಾರಕ್ಕೊಮ್ಮೆ ಮುಗಿಸುತ್ತಿದ್ದರು. ದನಗಳಿಗೆ ಬಹುವಚನ ಹಚ್ಚಿ ಮಾತಾಡುತ್ತಿದ್ದರು. ಒದೆಯುವ ಎಮ್ಮೆಯ ಬಾಜೂ ನಿಂತು, "ಯಾಕ್ರಿ ಅವ್ವಾರ, ಯಾರ ಮ್ಯಾಲ ಸಿಟ್ಟು," ಎಂದು ಕೇಳುವರು. ಕುರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ ಮೇಲೆಯೇ ಕುರಿಯ ಯಜಮಾನನ ಮುಖ ನೋಡುವರು.

ಆ ಶಬ್ದ ಅವರಿಗೆ ಸಿಕ್ಕದ್ದು ತರಬೇತಿಯ ದಿನಗಳಲ್ಲಂತೆ. ದನಗಳ ರಕ್ತ ಹೀರುವ ಉಣ್ಣೆ, ಹೇನುಗಳ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ. ಅದರಲ್ಲಿ ಉಣ್ಣೆ ಉಬಿಕ್ವಿಟಸ್ ಎಂದು ಬರೆದಿತ್ತು. ಪಾಠ ಹೇಳುವವರನ್ನು ಕೇಳಿದರೆ, ಅದನ್ನು ಬಿಡು, ಮುಂದೆ ಓದು ಎಂದರು. ಕಾಕಾ ಬಿಡಲಿಲ್ಲ. ರಜೆಯ ದಿನ ಗೋಕಾಕಕ್ಕೆ ಬಂದು, ವಾಚನಾಲಯದಲ್ಲಿ ಡಿಕ್ಷನರಿ ತೆಗೆಸಿ ಹುಡುಕಿದರು. ಹೋದಲ್ಲೆಲ್ಲ ಇರುವಂಥದು ಎಂಬ ಅರ್ಥ ಸಿಕ್ಕಿತು.

"ಕಲಿಸಿದ್ದಲ್ರಿ ಅದು, ನಾನ ಹುಡುಕಿದ್ದು," ಎನ್ನುತ್ತಿದ್ದರು. ಆ ಮಾತಿನಲ್ಲಿ ಹೆಮ್ಮೆ ಇರುತ್ತಿತ್ತು.

ನಾವು, ಎಂದರೆ ಆಸ್ಪತ್ರೆಯ ಐದಾರು ಜನ, ಆ ಶಬ್ದವನ್ನು ಆಟದ ಸಾಮಾನು ಮಾಡಿಕೊಂಡೆವು. ಕಾಕಾ ತಿರುಗಾಟ ಮುಗಿಸಿ ಬಂದು ಹೆಲ್ಮೆಟ್ ತೆಗೆದ ಕೂಡಲೆ, "ಇವತ್ತೇನು ಉಬಿಕ್ವಿಟಸ್ ಕಾಕಾ?" ಎಂದು ಕೇಳುವುದು. ಅವರು ಪ್ರಾಮಾಣಿಕವಾಗಿ ಯೋಚಿಸಿ ಉತ್ತರಿಸುವುದು. ಒಂದು ದಿನ ಕಬ್ಬಿನ ಟ್ರೇಲರು. ಒಂದು ದಿನ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಒಂದು ದಿನ ಚಹಾ. "ಹೋದ ಹೋದ ಮನ್ಯಾಗ ಚಹಾ ಕೊಡ್ತಾರ್ರಿ. ಬ್ಯಾಡ ಅಂದ್ರ ಸಿಟ್ಟ ಮಾಡ್ತಾರ."

ಒಮ್ಮೆ ಧುಪದಾಳದ ಒಡ್ಡಿನ ಹತ್ತಿರ ಒಂದು ಎತ್ತನ್ನು ನೋಡಲು ಇಬ್ಬರೂ ಹೋಗಿದ್ದೆವು. ನೀರಿನ ಅಂಚಿನುದ್ದಕ್ಕೂ ಬಿಳಿ ಕೊಕ್ಕರೆಗಳು ಕುಳಿತಿದ್ದವು. ನಾನು ಕೀಟಲೆಗಾಗಿ, "ಕಾಕಾ, ಕೊಕ್ಕರಿ ಉಬಿಕ್ವಿಟಸ್ ಅಲ್ಲೇನ್ರಿ?" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಅಲ್ರಿ. ಇಲ್ಲೆ ಅಷ್ಟ ಅದಾವ. ನಾಲ್ಕ ಮೈಲಿ ಹೋದ್ರ ಒಂದೂ ಸಿಗೂದಿಲ್ಲ. ಒಂದ ಕಡೆ ರಾಶಿ ಬಿದ್ದದ್ದು ಬ್ಯಾರೆ, ಹೋದ ಹೋದಲ್ಲಿ ಕಾಣೂದು ಬ್ಯಾರೆ. ನಾ ಕಾಲಿಟ್ಟ ಎಲ್ಲಾ ಊರಾಗ ಕಂಡ್ರ ಮಾತ್ರ ಆ ಶಬ್ದ ಹಚ್ತೇನಿ."

ಇಷ್ಟು ಸ್ಪಷ್ಟವಾಗಿ ಅವರು ಹೇಳಿದ್ದರು. ನಾನು ಕೇಳಿಸಿಕೊಂಡೂ ಇದ್ದೆ. ಆದರೂ ಆ ಸಂಜೆ ನಾನು ಮಾಡಿದ್ದೇನೆಂದರೆ, ಅವರು ತಲೆ ಅಲ್ಲಾಡಿಸುವ ಫೋಟೋ ಒಂದಕ್ಕೆ 'ಉಬಿಕ್ವಿಟಸ್' ಎಂದು ಬರೆದು ವಾಟ್ಸ್ಯಾಪಿನಲ್ಲಿ ಗೆಳತಿಯರಿಗೆ ಹಂಚಿದೆ. ಮುಂದೆ ಜಿಲ್ಲೆಯ ತರಬೇತಿಯೊಂದರಲ್ಲಿ ಊಟದ ಹೊತ್ತಿಗೆ ಅವರ ದನಿ ಅನುಕರಿಸಿ ತೋರಿಸಿದೆ. ಎಲ್ಲರೂ ನಕ್ಕರು. ಇನ್ನೊಮ್ಮೆ ಮಾಡು ಎಂದರು. ಮಾಡಿದೆ.

ನಾನು ಗೋಕಾಕದವಳು, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಆ ಭಾಷೆ ನನ್ನ ಸ್ವಂತದ್ದು, ಅವರು ಅದನ್ನು ಎಲ್ಲಿಂದಲೋ ಎತ್ತಿಕೊಂಡು ಬಂದಿದ್ದಾರೆ ಎಂಬ ಭಾವನೆ ನನ್ನೊಳಗಿತ್ತು. ಆಗ ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ.

ಅವರು ನಿವೃತ್ತರಾಗಲು ಒಂದು ವರ್ಷ ಉಳಿದಿತ್ತು. ಮಳೆ ಮುಗಿದು ಚಳಿ ಹಿಡಿಯುವ ಕಾಲ. ಕುರಿಗಳಿಗೆ ಬರುವ ಹಿರೇಬೇನೆ ಸುತ್ತಲಿನ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿತ್ತು. ಜ್ವರ ಬರುತ್ತದೆ, ಮೂಗು ಕಣ್ಣು ಸೋರುತ್ತವೆ, ಬಾಯಿ ಹುಣ್ಣಾಗುತ್ತದೆ, ಆಮೇಲೆ ಭೇದಿ. ಒಂದು ಹಿಂಡಿಗೆ ಹೊಕ್ಕರೆ ಬಾಜೂ ಹಿಂಡಿಗೆ ಹಾರುತ್ತದೆ. ಇನ್ನೂ ತಗಲದ ಕುರಿಗಳಿಗೆ ಬೇಗ ಲಸಿಕೆ ಹಾಕಿದರೆ ಅವು ಬದುಕುತ್ತವೆ. ಆದರೆ ಎಲ್ಲರೂ ಕೇಳುತ್ತಿದ್ದುದರಿಂದ ಲಸಿಕೆ ಸಾಲುತ್ತಿರಲಿಲ್ಲ. ಯಾವ ಭಾಗದಲ್ಲಿ ಬೇನೆ ಎಷ್ಟು ಹರಡಿದೆ ಎಂದು ಶನಿವಾರದ ವರದಿಯಲ್ಲಿ ನಾವು ಬರೆಯುತ್ತಿದ್ದೆವೋ ಅದನ್ನು ನೋಡಿ ಮೇಲಿನವರು ಹಂಚುತ್ತಿದ್ದರು.

ಆ ಶನಿವಾರ ಕಾಕಾ ತಮ್ಮ ಕೈಬರಹದ ವರದಿ ತಂದು ನನ್ನ ಮೇಜಿನ ಮೇಲಿಟ್ಟರು. ಮೈಯೆಲ್ಲ ಧೂಳು. ಕುಳಿತುಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆದಿದ್ದರು. ಕುಲಗೋಡದಿಂದ ನಾಗನೂರದವರೆಗೆ ಕುರಿಗಳ ಹಿಂಡುಗಳಲ್ಲಿ ಮೂಗು ಸೋರುವಿಕೆ, ಬಾಯಿಹುಣ್ಣು ಉಬಿಕ್ವಿಟಸ್ ಆಗಿದೆ ಎಂದು.

ನಾನು ನಕ್ಕೆ. ಕೆಂಪು ಪೆನ್ನು ತೆಗೆದು ಆ ಶಬ್ದ ಹೊಡೆದುಹಾಕಿದೆ. ಮೇಲೆ 'ಅಲ್ಲಲ್ಲಿ' ಎಂಬ ಅರ್ಥದ ಇನ್ನೊಂದು ಇಂಗ್ಲಿಷ್ ಶಬ್ದ ಬರೆದೆ.

"ಮೇಡಮ್ಮಾರ, ಆ ಶಬ್ದ ತಗೀಬ್ಯಾಡ್ರಿ," ಎಂದರು. "ಈ ಸಲ ಅದು ಇರ್ಲಿ."

"ಕಾಕಾ, ನಿಮಗ ನೊಣಾನೂ ಉಬಿಕ್ವಿಟಸ್, ಚಹಾನೂ ಉಬಿಕ್ವಿಟಸ್. ಇದನ್ನ ಹಿಂಗ ಕಳಿಸಿದ್ರ ಮ್ಯಾಲಿನವ್ರು ನಗ್ತಾರ."

"ನಕ್ರ ನಗಲಿ ತಗೋರಿ. ನೀವು ಒಮ್ಮೆ ಬಂದು ನೋಡ್ರಲಾ. ನಾಳೆ ಬರ್ರಿ, ನಾ ಕರ್ಕೊಂಡು ಹೊಕ್ಕೇನಿ."

"ನಾಳೆ ನಮ್ಮ ಚಿಗವ್ವನ ಮಗಳ ನಿಶ್ಚಯ ಐತ್ರಿ ಗೋಕಾಕದಾಗ."

ಅವರು ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿದರು. "ಹಂಗಾರ ನಿಮಗ ಬಿಟ್ಟದ್ರಿ," ಎಂದು ಹೊರಗೆ ಹೋದರು. ತಿದ್ದಿದ ವರದಿಯನ್ನು ನಾನೇ ಬೇರೆ ಹಾಳೆಗೆ ಇಳಿಸಿ ಮೇಲಕ್ಕೆ ಕಳಿಸಿದೆ.

ಬರೀ ಶಬ್ದದ ನಾಚಿಕೆಯಿಂದ ಹೊಡೆದುಹಾಕಿದೆ ಎಂದರೆ ಅರ್ಧ ಸುಳ್ಳಾಗುತ್ತದೆ. ಎಲ್ಲ ಕಡೆ ಬೇನೆ ಎಂದು ಬರೆದರೆ ಭಾನುವಾರವೇ ಫೋನುಗಳು ಬರುತ್ತಿದ್ದವು, ಮೇಲಿನವರು ಜೀಪು ಹತ್ತಿ ಬರುತ್ತಿದ್ದರು, ನಿಶ್ಚಯಕ್ಕೆ ಹೋಗುವುದು ತಪ್ಪುತ್ತಿತ್ತು. ಇದನ್ನೂ ನಾನು ಮನಸ್ಸಿನ ಮೂಲೆಯಲ್ಲಿ ಲೆಕ್ಕ ಹಾಕಿದ್ದೆ. ಮರುದಿನ ಹೊಸ ಸೀರೆ ಉಟ್ಟು ಹೋದೆ, ಉಂಡೆ, ಫೋಟೋ ತೆಗೆಸಿಕೊಂಡೆ.

ಆ ವಾರ ನಮಗೆ ಲಸಿಕೆ ಒಂದೇ ಪೆಟ್ಟಿಗೆ ಬಂತು. ಅಲ್ಲಲ್ಲಿ ಎಂದು ಬರೆದವರಿಗೆ ಅಲ್ಲಲ್ಲಿಗೆ ಸಾಲುವಷ್ಟು. ಕಾಕಾ ಅದನ್ನು ಒಂದೇ ದಿನದಲ್ಲಿ ಮುಗಿಸಿ, ಖಾಲಿ ಪೆಟ್ಟಿಗೆ ತಂದು ನನ್ನೆದುರು ಇಟ್ಟರು. ನಾನು ಅವಸರದಲ್ಲಿ ಇನ್ನೊಂದು ಬೇಡಿಕೆ ಕಳಿಸಿದೆ. ಅಷ್ಟರಲ್ಲಿ ಇದ್ದ ಲಸಿಕೆ ಬೇರೆ ತಾಲ್ಲೂಕುಗಳಿಗೆ ಹೋಗಿತ್ತು. ಎರಡನೆಯ ಸಲ ಪೆಟ್ಟಿಗೆಗಳು ಬರುವ ಹೊತ್ತಿಗೆ ಹನ್ನೊಂದು ದಿನ ಕಳೆದಿದ್ದವು.

ಆ ಪೆಟ್ಟಿಗೆ ಹಿಡಿದು ನಾವು ಹೋದಾಗ, ಕುಲಗೋಡದ ಹೊರಗೆ, ಕುರುಬರ ಲಗಮವ್ವನ ಹೊಲದ ಅಂಚಿನಲ್ಲಿ ಜೆಸಿಬಿಯಿಂದ ಗುಂಡಿ ತೋಡಿಸಿದ್ದರು. ಲಗಮವ್ವ ಐವತ್ತು ದಾಟಿದ ಹೆಂಗಸು, ಗಂಡ ತೀರಿದ ಮೇಲೆ ತಾನೇ ಹಿಂಡು ಸಾಕಿಕೊಂಡು ಬಂದವಳು. ಅರವತ್ತು ಕುರಿಗಳಲ್ಲಿ ಹತ್ತೊಂಬತ್ತು ಉಳಿದಿದ್ದವು. ಸತ್ತವನ್ನು ಎಳೆದು ತಂದು ಗುಂಡಿಗೆ ಇಳಿಸುತ್ತಿದ್ದರು. ಕಾಕಾ ಪ್ಯಾಂಟು ಮಡಚಿ ಗುಂಡಿಯ ಬದಿಯಲ್ಲಿ ನಿಂತು ಸುಣ್ಣ ಚೆಲ್ಲುತ್ತಿದ್ದರು. ಲಗಮವ್ವ ಅಳುತ್ತಿರಲಿಲ್ಲ. ಗಬ್ಬದ ಕುರಿಯೊಂದರ ಕೊರಳಿನ ಗಂಟೆ ಬಿಚ್ಚಲು ನೋಡುತ್ತಿದ್ದಳು, ಗಂಟು ಬಿಗಿದಿತ್ತು.

ಅವಳೇ ನನ್ನನ್ನು ಕೇಳಿದ್ದು. "ಮೇಡಮ್ಮಾರ, ಬ್ಯಾರೆ ಊರಿಗೆ ಔಷಧ ಬಂದಾವ ಅಂತಾರ. ನಮಗ ಯಾಕ ಹೊತ್ತಿಗೆ ಬರಲಿಲ್ಲ? ಕಾಕಾ ಎರಡ ವಾರದ ಹಿಂದನ ನೋಡಿ ಹೋಗ್ಯಾನಲ್ರಿ."

ಸುತ್ತ ನಿಂತವರೆಲ್ಲ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಇಂದಿಗೂ ಗೊತ್ತಿಲ್ಲ. ಅಷ್ಟರಲ್ಲಿ ಕಾಕಾ ಸುಣ್ಣದ ಬುಟ್ಟಿ ಕೆಳಗಿಟ್ಟು ಹೇಳಿದರು: "ನನ್ನ ಕಡಿಂದ ತಪ್ಪಾತ ಲಗಮವ್ವ. ಬೇನಿ ಅಲ್ಲೊಂದ ಇಲ್ಲೊಂದ ಐತಿ ಅಂತ ಬರದ ಕಳಿಸಿದ್ನಿ. ಅದಕ್ಕ ಕಡಿಮಿ ಬಂತು."

ನಾನು ಬಾಯಿ ಮುಚ್ಚಿದೆ.

ಲಗಮವ್ವ ಅವರನ್ನು ಬಹಳ ಹೊತ್ತು ನೋಡಿದಳು. "ಇಷ್ಟ ವರ್ಷ ನಮ್ಮ ಮನ್ಯಾಗ ಉಂಡಿ ಕಾಕಾ," ಎಂದಳು. ಯಾರೋ ಒಬ್ಬ ಅವರ ಕೈಯಿಂದ ಬುಟ್ಟಿ ತೆಗೆದುಕೊಂಡು ತಾನೇ ಸುಣ್ಣ ಚೆಲ್ಲತೊಡಗಿದ.

ಮುಂದಿನ ವಾರ ಮೇಲಿನ ಅಧಿಕಾರಿ ವಿಚಾರಣೆಗೆ ಬಂದರು. ಪರೀಕ್ಷಕರು ಬರೆದುಕೊಟ್ಟ ವರದಿ ಎಲ್ಲಿದೆ ಎಂದು ಕೇಳಿದರು. ಅದು ನನ್ನ ಮೇಜಿನ ಕೆಳಗಿನ ಖಾನೆಯಲ್ಲಿತ್ತು, ಕೆಂಪು ಗೆರೆಯ ಸಮೇತ. "ಬಾಯಿಮಾತಿನಲ್ಲಿ ಹೇಳಿದ್ದರು ಸರ್," ಎಂದೆ ನಾನು. ಅಧಿಕಾರಿ ಕಾಕಾರ ಕಡೆ ತಿರುಗಿದರು. ಕಾಕಾ ನನ್ನ ಕಡೆ ನೋಡಲಿಲ್ಲ. "ಹೌದ್ರಿ ಸಾಹೇಬ್ರ," ಎಂದರು.

ಆ ಸಂಜೆ ಎಲ್ಲರೂ ಹೋದ ಮೇಲೆ ಕಾಗದವನ್ನು ಸಣ್ಣಗೆ ಹರಿದು, ಬಳಸಿದ ಹತ್ತಿಯ ಬುಟ್ಟಿಗೆ ಹಾಕಿದೆ.

ಕಾಕಾರ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಸಾಲು ಬಿತ್ತು. ಜಿಲ್ಲೆಯ ಇನ್ನೊಂದು ತುದಿಗೆ ವರ್ಗವಾಯಿತು. ವರ್ಗದ ಆದೇಶ ಬರುವವರೆಗಿನ ಎರಡು ತಿಂಗಳು ಅವರು ಕುಲಗೋಡಕ್ಕೆ ಹೋಗುತ್ತಲೇ ಇದ್ದರು. ಹೋದರೆ ಕುರಿ ಹಿಡಿದುಕೊಡುವವರಿರಲಿಲ್ಲ. "ಕಾಗದಾ ನೆಟ್ಟಗ ಬರ್ಯಾಕ ಬರಲಾರದವ ಸೂಜಿ ಏನ್ ಹಾಕ್ತಾನ," ಎನ್ನುತ್ತಿದ್ದರಂತೆ. ನಾನು ಹೋದರೆ ಬರ್ರಿ ಮೇಡಮ್ಮಾರ ಎಂದು ಕಂಬಳಿ ಹಾಸುತ್ತಿದ್ದರು. ಆ ಕಂಬಳಿಯ ಮೇಲೆ ನಾನು ಕುಳಿತುಕೊಂಡೆ. ಅವರು ಕೊಟ್ಟ ಚಹಾ ಕುಡಿದೆ.

ಆ ಎರಡು ತಿಂಗಳಲ್ಲಿ ಕಾಕಾ ಆ ಶಬ್ದ ಒಮ್ಮೆಯೂ ಆಡಲಿಲ್ಲ. "ಭಾಳ ಕಡೆ" ಎನ್ನುತ್ತಿದ್ದರು. ಯಾರೂ ಅವರನ್ನು ಕೀಟಲೆಗೂ ಕೇಳಲಿಲ್ಲ.

ಹೊರಡುವ ದಿನ ಅವರು ಐಸ್ ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ನಾನು ಹತ್ತಿರ ಹೋಗಿ, "ಕಾಕಾ, ಅವತ್ತು ಯಾಕ ಹಂಗ ಹೇಳಿದ್ರಿ?" ಎಂದು ಕೇಳಿದೆ. ಕ್ಷಮಿಸಿ ಎಂದು ಕೇಳಲು ಹೋದವಳು ಪ್ರಶ್ನೆ ಕೇಳಿದೆ.

"ಅವತ್ತ ಇನ್ನಾ ಅರ್ಧಾ ಊರಿನ ಕುರಿಗೆ ಸೂಜಿ ಹಾಕೂದಿತ್ರಿ," ಎಂದರು. "ನಾ ಹೊಂಟವ. ನೀವು ಇರೂವವರು. ನಿಮ್ಮನ್ನ ಊರಾಗ ಬರಗೊಡದಿದ್ರ ಆ ಕುರಿ ಗತಿ ಏನು?" ಡಬ್ಬಿಯ ಮುಚ್ಚಳ ಒರೆಸಿದರು. "ಮತ್ತ ಆ ಶಬ್ದಾನೂ ನಾನ ಸವಸಿದ್ನಿರಿ. ನಗಸಾಕ ಅಂತ ನೊಣಕ್ಕ ಹಚ್ಚಿದೆ, ಚಹಾಕ್ಕ ಹಚ್ಚಿದೆ. ಬೇಕಾದಾಗ ಅದಕ್ಕ ಹರಿತ ಇರಲಿಲ್ಲ. ನಿಮ್ಮೊಬ್ಬರ ತಪ್ಪಲ್ಲ."

ಅವರು ಎಂದೂ ನಗಿಸಲು ಆ ಶಬ್ದ ಆಡಿದವರಲ್ಲ. ನಗುತ್ತಿದ್ದವರು ನಾವು. ಇದನ್ನಾದರೂ ಅಲ್ಲಿಯೇ ಹೇಳಬಹುದಿತ್ತು. "ಚಲೋ ಇರ್ರಿ ಕಾಕಾ," ಎಂದಷ್ಟೇ ಹೇಳಿದೆ.

ಆಮೇಲೆ ಆರು ವರ್ಷ ಅವರಿಗೆ ಒಂದು ಫೋನು ಮಾಡಲಿಲ್ಲ. ನಿವೃತ್ತರಾಗಿ ಹುಕ್ಕೇರಿಗೆ ಬಂದರೆಂದು ಕೇಳಿದ್ದೆ. ಹುಕ್ಕೇರಿಯ ಮೇಲೆ ಹಾದು ಹೋಗುವ ಕೆಲಸ ಹಲವು ಸಲ ಬಂದಿತ್ತು. ಪ್ರತಿ ಸಲವೂ ಹೊತ್ತಾಯಿತು ಎಂದುಕೊಂಡು ಮುಂದೆ ಹೋದೆ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಮಣ್ಣಾಗಿ ನಾಲ್ಕು ದಿನವಾಗಿತ್ತು. ಹೋದೆ. ಅವರ ಮಗಳು ಶಮೀಮ್ ಬಾಗಿಲು ತೆರೆದಳು. ಅಲ್ಲೇ ಶಾಲೆಯೊಂದರಲ್ಲಿ ಕಲಿಸುವವಳು. ನನ್ನ ಹೆಸರು ಕೇಳಿದೊಡನೆ ಒಳಗೆ ಕರೆದು ಕೂರಿಸಿದಳು.

"ನಮ್ಮ ಅಬ್ಬಾ ನಿಮ್ಮ ನೆನಪ ತಗೀತಿದ್ರು. ಇಂಗ್ಲಿಷ್ ಭಾಳ ಚಂದ ಮಾತಾಡ್ತಾರ ಅಂತಿದ್ರು."

ನಾನು ತಲೆ ತಗ್ಗಿಸಿ ಕುಳಿತೆ.

"ಆರು ತಿಂಗಳ ಹಾಸಗಿ ಹಿಡಿದಿದ್ರು. ಎಲ್ಲಾ ಕಡಿಂದ ಮಂದಿ ಬಂದ್ರು. ಕುಲಗೋಡದವ್ರು ಒಬ್ಬರೂ ಬರಲಿಲ್ಲ. ಬಾಗಲಾ ಸಪ್ಪಳಾದ್ರ ಸಾಕು, ಕುಲಗೋಡದವ್ರೇನು ಅಂತ ಕೇಳ್ತಿದ್ರು. ರಿಟೈರ್ ಆದಮ್ಯಾಲ ಒಮ್ಮೆ ಅಬ್ಬಾನ ಅಲ್ಲಿಗೆ ಹೋಗಿದ್ರಂತ. ಊರ ಬಾಗಲ ಅಗಸೀತನಕ ಹೋಗಿ, ಹೊಳ್ಳಿ ಬಂದ್ರಂತ." ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಏನೋ ತಪ್ಪ ಬರದ್ರಂತಲ್ರಿ ಅಬ್ಬಾ. ಮೂವತ್ತ ವರ್ಷ ಮಾಡಿದ್ದು ಒಂದ ತಪ್ಪಿಗೆ ಹೋತು."

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಶರಬತ್ತು ತರಲು ಎದ್ದಳು. ತಂದುಕೊಟ್ಟದ್ದನ್ನು ಕುಡಿದು, ಅವರ ಫೋಟೋಗೆ ಕೈಮುಗಿದು ಹೊರಗೆ ಬಂದೆ. ಗಾಡಿಯಲ್ಲಿ ಕುಳಿತು ಬೀಗದ ಕೈ ತಿರುಗಿಸಲು ಬಹಳ ಹೊತ್ತು ಬೇಕಾಯಿತು.

ಮೂರು ದಿನ ನಿದ್ದೆಯಿಲ್ಲದೆ ಕಳೆದ ಮೇಲೆ ಕುಲಗೋಡಕ್ಕೆ ಹೋದೆ. ಬೆಳಗಿನ ಒಂಬತ್ತು ಗಂಟೆ. ಲಗಮವ್ವ ಹಟ್ಟಿಯ ಮುಂದೆ ಮರಿಗಳಿಗೆ ಮೇವಿನ ತೊಪ್ಪಲು ಕಟ್ಟುತ್ತಿದ್ದಳು. ಕಂಬಳಿ ಹಾಸಲು ಹೋದಳು, ಬೇಡ ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಕಾಕಾ ಬೇನೆ ಎಲ್ಲ ಕಡೆ ಐತಿ ಎಂದೇ ಬರೆದಿದ್ದರು, ನಾನು ಹೊಡೆದುಹಾಕಿದೆ, ನನ್ನ ಬದಲು ಅವರು ತಪ್ಪು ಹೊತ್ತುಕೊಂಡರು, ಕಾಗದ ಹರಿದದ್ದು ನಾನು, ಈಗ ಅವರು ಇಲ್ಲ.

ಅವಳ ಕೈ ತೊಪ್ಪಲಿನ ಮೇಲೆ ನಿಂತಿತು.

"ಸತ್ತ ಸುದ್ದಿ ಬಂದಿತ್ರಿ ನಮಗ," ಎಂದಳು. "ಯಾರ ಹೋಗ್ತೀರಿ ಅಂತ ಕೇಳಿದ್ರು ಊರಾಗ. ನಾನ ಅಂದೆ, ಅವನ ಮಣ್ಣಿಗೆ ನಾವ್ಯಾಕ ಹೋಗೂದು ಅಂತ. ನನ್ನ ಮಾತ ಕೇಳಿ ಯಾರೂ ಹೋಗಲಿಲ್ಲ."

ಅವಳು ತೊಪ್ಪಲಿನ ಕಟ್ಟನ್ನು ಕೆಳಗಿಟ್ಟಳು.

"ಈಗ ಬಂದ ಹೇಳ್ತೀರಲ್ರಿ. ಅವಾ ಇದ್ದಾಗ ಹೇಳಿದ್ರ ನಾ ಒಂದ ರೊಟ್ಟಿ ಕಟಗೊಂಡ ಹೋಗಿ ನೋಡಿ ಬರತಿದ್ನಿ." ಆಮೇಲೆ ಕೇಳಿದಳು, "ಅವನ ಮನ್ಯಾಗ ಯಾರ ಅದಾರ?"

"ಮಗಳು."

"ಆಕಿಗೆ ಹೇಳೀರೇನು?"

"ಇಲ್ಲ."

ಲಗಮವ್ವ ಎದ್ದು ಕೈ ಝಾಡಿಸಿದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಬಾಜೂ ಮನೆಯವಳಿಗೆ ಮರಿಗಳನ್ನು ನೋಡಿಕೊಳ್ಳಲು ಹೇಳಿದಳು.

"ನನ್ನ ಗಾಡಿ ಐತಿ, ಬರ್ರಿ," ಎಂದೆ.

"ಬ್ಯಾಡ್ರಿ. ಬಸ್ಸಿಗೆ ಹೊಕ್ಕೇನಿ."

ಗೋಕಾಕದ ಬಸ್ಸು ಬಂದಾಗ ಹತ್ತಿದಳು. ನಾನು ಹಿಂದೆಯೇ ಗಾಡಿ ಓಡಿಸಿದೆ. ಪ್ರತಿ ನಿಲುಗಡೆಯಲ್ಲೂ ಬಸ್ಸು ನಿಂತಾಗ ನಾನೂ ನಿಂತೆ. ಗೋಕಾಕದಲ್ಲಿ ಇಳಿದು ಹುಕ್ಕೇರಿಯ ಬಸ್ಸಿಗೆ ಕಾಯುವಾಗ ಅವಳು ನನ್ನನ್ನು ನೋಡಿದಳು, ಮುಖ ತಿರುಗಿಸಲಿಲ್ಲ, ಕರೆಯಲೂ ಇಲ್ಲ. ಹುಕ್ಕೇರಿಯಲ್ಲಿ ದಾರಿ ತೋರಿಸುತ್ತ ನಾನು ಮುಂದೆ ನಡೆದೆ. ಓಣಿಯ ತುದಿಯಲ್ಲಿ ಆ ಮನೆ ಬಂದಾಗ ನನ್ನ ನಡಿಗೆ ನಿಧಾನವಾಯಿತು. ಅವಳು ನನ್ನನ್ನು ದಾಟಿ ಹೋಗುತ್ತಾಳೆ ಎಂದುಕೊಂಡೆ, ಒಂದು ಗಳಿಗೆ ಹಾಗೆಯೇ ಆಗಲಿ ಎಂದೂ ಆಸೆಪಟ್ಟೆ. ಅವಳು ಬಾಗಿಲ ಬಾಜೂ ಗೋಡೆಗೆ ಸರಿದು ನಿಂತಳು.

"ಮೊದಲ ನೀವ ಹೋಗ್ರಿ," ಎಂದಳು.

ನಾನು ಚಪ್ಪಲಿ ಬಿಟ್ಟು ಬಾಗಿಲು ತಟ್ಟಿದೆ.